ಹರಾಜಿಗೆ ಇಟ್ಟ ತಾಸು

ಸುವಾರ್ತಮ್ಮನಿಗೆ ಬೇಕಾಗಿದ್ದದ್ದು ಒಂದು ಮಂಚ. ಸಾಗುವಾನಿಯದಲ್ಲ, ಕೆತ್ತನೆಯದೂ ಅಲ್ಲ. ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಅಂಗಡಿಯವರು ಬಿಸಿಲಿಗೆ ನಿಲ್ಲಿಸಿರುತ್ತಾರಲ್ಲ, ಹಸಿರು ಬಣ್ಣ ಬಳಿದ ಕಬ್ಬಿಣದ ಮಂಚ, ಅಂಥದ್ದು. ಬೆಲೆ ಕೇಳಿ ಬಂದಿದ್ದಳು: ಮೂರೂವರೆ ಸಾವಿರ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಮಾಡಿ ಅವಳ ಮೊಣಕಾಲು ಸವೆದಿದ್ದವು. ಚಾಪೆಯ ಮೇಲೆ ಮಲಗುವುದು ಕಷ್ಟವಲ್ಲ, ಏಳುವುದೇ ಕಷ್ಟ. ಮೊದಲು ಮಗ್ಗುಲಾಗಬೇಕು, ಆಮೇಲೆ ಗೋಡೆ ಹಿಡಿಯಬೇಕು, ಆಮೇಲೆ "ಯಪ್ಪಾ ದೇವರೇ" ಅನ್ನಬೇಕು, ಆಗ ಎದ್ದ ಹಾಗೆ. ದೇವರನ್ನು ಅವಳು ಹೆಚ್ಚು ಕರೆಯುತ್ತಿದ್ದದ್ದು ಚರ್ಚಿನಲ್ಲಲ್ಲ, ಬೆಳಗಿನ ಈ ಹೊತ್ತಿನಲ್ಲಿ.

ಅವಳು ಹಿಡಿದು ಏಳುತ್ತಿದ್ದ ಆ ಗೋಡೆಯ ಆಚೆ ಕರುಣಮ್ಮನ ಮನೆ. ಇಬ್ಬರೂ ಓರಗಿತ್ತಿಯರು. ಅಣ್ಣನ ಹೆಂಡತಿ ಕರುಣಮ್ಮ, ತಮ್ಮ ಜಕ್ರಪ್ಪನ ಹೆಂಡತಿ ಸುವಾರ್ತಮ್ಮ. ಒಂದೇ ಮನೆಗೆ ಸೊಸೆಯರಾಗಿ ಬಂದವರು, ಪಾಲಾದಾಗ ನಡುವೆ ಗೋಡೆ ಎದ್ದಿತು. ಗೋಡೆ ದೊಡ್ಡ ಮಾತಲ್ಲ, ಪಾಲು ಎಂದ ಮೇಲೆ ಗೋಡೆ ಏಳುವುದೇ. ಜಗಳ ಆದದ್ದು ಅತ್ತೆಯ ಮಂಚಕ್ಕೆ. ಹಾಸಿಗೆ ಹಿಡಿದ ಅತ್ತೆಯನ್ನು ಎರಡು ವರ್ಷ ಉಣಿಸಿ, ಬಳಿದು, ತೊಳೆದವಳು ಸುವಾರ್ತಮ್ಮ. ಆ ಬೇವಿನ ಮಂಚ ಹೋದದ್ದು ಮಾತ್ರ ಹಿರಿ ಸೊಸೆಯ ಪಾಲಿಗೆ. "ಬಳಿಯಾಕ ನಾನು, ಮಲಗಾಕ ನೀನು" ಎಂದು ಅವಳು ಓಣಿಗೆಲ್ಲ ಕೇಳುವ ಹಾಗೆ ಕೂಗಿದ್ದಳು. ಮುಂದೆ ಮೂರು ವರ್ಷಕ್ಕೆ ಜಕ್ರಪ್ಪ ತೀರಿಕೊಂಡ. ಗೋಡೆಯ ಆಚೆಯೇ ಇದ್ದ ಕರುಣಮ್ಮ ಹೆಣದ ಹತ್ತಿರ ಬರಲಿಲ್ಲ. ನೇರ ಮಣ್ಣಿಗೆ ಬಂದಳು, ಒಂದು ಹಿಡಿ ಹಾಕಿದಳು, ಹೋದಳು. ಅಲ್ಲಿಂದ ಮಾತಿಲ್ಲ. ಅಷ್ಟರಲ್ಲಿ ಕರುಣಮ್ಮನೂ ಗಂಡನನ್ನು ಕಳೆದುಕೊಂಡಿದ್ದಳು, ಇದ್ದೊಬ್ಬ ಮಗಳನ್ನು ಅರಸೀಕೆರೆಗೆ ಕೊಟ್ಟಿದ್ದಳು.

ಇಬ್ಬರೂ ಪ್ರತಿ ಭಾನುವಾರ ಅದೇ ಚರ್ಚಿಗೆ ಹೋಗುತ್ತಿದ್ದರು. ಹೆಂಗಸರ ಕಡೆ ಚಾಪೆಯ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು. ಒಬ್ಬರಿಗೊಬ್ಬರು ಸಮಾಧಾನದ ಕೈ ಕೊಡಿರಿ ಎಂದು ಪಾದ್ರಿ ಅಯ್ಯನವರು ಹೇಳಿದಾಗ ಒಬ್ಬಳು ಕಿಟಕಿಯ ಕಡೆ ತಿರುಗಿ ಕೊಡುತ್ತಿದ್ದಳು, ಇನ್ನೊಬ್ಬಳು ಬಾಗಿಲ ಕಡೆ. ಇಷ್ಟು ವರ್ಷ ಕೇಳಿದ ಪ್ರಸಂಗ, ಉಪದೇಶವೆಲ್ಲ ಎಲ್ಲಿ ಹೋಯಿತು ಎಂದು ಯಾರಾದರೂ ಕೇಳಬಹುದು. ಅಂಥವರು ಮೊದಲು ತಮ್ಮ ಮನೆಯ ಗೋಡೆ ನೋಡಿಕೊಳ್ಳಲಿ.

ಜೋಳದ ರಾಶಿ ಮುಗಿದ ಮೇಲೆ ಆ ಚರ್ಚಿನಲ್ಲಿ ಸುಗ್ಗಿ ಹಬ್ಬ ಮಾಡುತ್ತಾರೆ. ಮನೆಗೆ ಬಂದ ಬೆಳೆಯಲ್ಲಿ ಮೊದಲಿನದನ್ನು ತಂದು ದೇವರ ಮೇಜಿನ ಮುಂದೆ ಇಡುವುದು. ಜೋಳ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ, ತತ್ತಿ, ಒಂದೊಂದು ವರ್ಷ ಕುರಿಮರಿ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಅಂಗಳಕ್ಕೆ ತಂದು ಹರಾಜು. ಕೂಗುವವನು ದೇವದಾನಪ್ಪ, ವಿದ್ಯುತ್ ಇಲಾಖೆಯ ನಿವೃತ್ತ ಲೈನ್‌ಮನ್. ಕಂಬದ ಮೇಲಿಂದ ಕೆಳಗಿನವರ ಜೊತೆ ಮಾತಾಡಿ ಬೆಳೆದ ದನಿ. ಒಂದು ತತ್ತಿ ನೂರು ರೂಪಾಯಿಗೆ ಹೋಗುತ್ತದೆ, ಅದನ್ನು ಕೊಂಡವನು ಮತ್ತೆ ದೇವರಿಗೇ ಬಿಡುತ್ತಾನೆ, ಅದು ಮತ್ತೆ ಹರಾಜಾಗುತ್ತದೆ. ಒಮ್ಮೆ ಮೇಜಿಗೆ ಏನು ತಂದಿರೋ ಅದನ್ನೇ ಮುಂದಿನ ವರ್ಷವೂ ತರಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ, ಆದರೆ ಎಲ್ಲರೂ ಹಾಗೇ ತರುತ್ತಾರೆ. ಕೋಳಿಯ ಮನೆ, ಕುಂಬಳದ ಮನೆ ಎಂದೇ ಹೆಸರು ಬಿದ್ದಿವೆ.

ಸುವಾರ್ತಮ್ಮ ಕೋಳಿಯ ಮನೆಯವಳು. ಹೋದ ವರ್ಷದ ಹಬ್ಬಕ್ಕೆ ವಾರ ಮುಂಚೆ ಅವಳ ಕೋಳಿಯನ್ನು ನಾಯಿ ಹಿಡಿದಿತ್ತು. ಬರಿಗೈಲಿ ಹೋಗಲು ನಾಚಿಕೆ. ಹೊಸದಾಗಿ ಬಂದಿದ್ದ ಅಯ್ಯನವರು, ಹರಪನಹಳ್ಳಿ ಕಡೆಯ ಹುಡುಗ, ಹಿಂದಿನ ಭಾನುವಾರವಷ್ಟೇ ಹೇಳಿದ್ದರು: ಕೊಡಲು ವಸ್ತುವಿಲ್ಲದವರು ಹೊತ್ತನ್ನು ಕೊಡಬಹುದು, ನಮ್ಮದನ್ನು ನಾವು ಎಲ್ಲಿ ಇಡುತ್ತೇವೋ ಮನಸ್ಸು ಅಲ್ಲಿಗೇ ಹೋಗುತ್ತದೆ. ಎರಡನೆಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ, ಆ ಹೊತ್ತಿಗೆ ತೂಕಡಿಸುತ್ತಿದ್ದಳು. ಮೊದಲಿನದು ಬಿದ್ದಿತ್ತು. ಮನೆಯಲ್ಲಿದ್ದ ಹುಣಸೆಹಣ್ಣು ಕುಟ್ಟುವ ಕೊಡತಿಯನ್ನು ದುಡಿಮೆಯ ಗುರುತಾಗಿ ತಂದು ಮೇಜಿನ ಮುಂದೆ ಇಟ್ಟು, "ವರ್ಷಪೂರ್ತಿ ಐತಾರಕ್ಕ ಒಂದು ತಾಸು, ಕೊಂಡವರ ಮನ್ಯಾಗ ಅವರು ಹೇಳಿದ ಕೆಲಸ ಮಾಡ್ತೀನಿ" ಎಂದಳು. ಗುತ್ತಿಗೆದಾರ ಅರುಣಕುಮಾರನ ಹೆಂಡತಿ ಕೊಳ್ಳುತ್ತಾಳೆ, ಪಾತ್ರೆ ತಿಕ್ಕಿದರಾಯಿತು, ಅದು ಅವಳ ಲೆಕ್ಕ.

ಅರುಣಕುಮಾರ್ ಐನೂರು ಎಂದ. ಹೆಂಗಸರ ನಡುವಿನಿಂದ ಒಂದು ದನಿ ಸಾವಿರ ಎಂದಿತು. ಅವನು ಹನ್ನೆರಡು ನೂರು ಎಂದ. ಆ ದನಿ ಎರಡು ಸಾವಿರ ಎಂದಿತು. ಎಲ್ಲರೂ ತಿರುಗಿ ನೋಡಿದರು. ಕರುಣಮ್ಮ! ದೇವದಾನಪ್ಪ ಮೂರು ಸಲ ಕೂಗಿ ಮುಗಿಸಿದ.

ಸುವಾರ್ತಮ್ಮ ಉರಿದುಬಿದ್ದಳು. ಅಂದೇ ಸಂಜೆ ಅಯ್ಯನವರ ಮನೆಗೆ ಹೋದಳು. "ಅಯ್ಯನವರ, ಬ್ಯಾರೆ ಯಾರ ಮನಿ ಆದ್ರೂ ಮಾಡ್ತೀನಿ. ಆಕಿ ಮನಿ ಹೊಸ್ತಲ ತುಳಿಯಾಂಗಿಲ್ಲ."

ಅವರು ತಲೆ ಕೆರೆದುಕೊಂಡರು. "ಮೇಜಿನ ಮುಂದೆ ಇಟ್ಟಿದ್ದನ್ನ ವಾಪಸ್ ಎತ್ಕೊಳ್ಳೋದು ಹೆಂಗಮ್ಮಾ?" ಎಂದರು. ಅವಳು ಸೆರಗು ಕೊಡವಿ ಮನೆಗೆ ಹೊರಟಳು.

ಮೊದಲ ಭಾನುವಾರ ಕರುಣಮ್ಮ ಬಾಗಿಲು ತೆಗೆದು, ನೆಲದ ಮೇಲಿದ್ದ ಹುಣಸೆಹಣ್ಣಿನ ರಾಶಿಯನ್ನು ತೋರಿಸಿ, "ಅಲ್ಲಿ" ಎಂದಳು. ವ್ಯಾಪಾರಿ ಪಂಚಾಕ್ಷರಪ್ಪ ಚೀಲಗಟ್ಟಲೆ ಕಳಿಸುತ್ತಿದ್ದ ಹಣ್ಣು. ಕುಟ್ಟಿ, ಬೀಜ ಬಿಡಿಸಿ, ನಾರು ಕಿತ್ತು ವಾಪಸ್ ಕೊಡುವುದು ಅವಳ ಜೀವನ. ಕಿಟಕಿಯಲ್ಲಿ ಅಲಾರಂ ಗಡಿಯಾರ ಇಟ್ಟಿದ್ದಳು, ಕೀಲಿ ತಿರುಗಿಸಿ ಒಂದು ತಾಸಿಗೆ ಹೊಂದಿಸಿದಳು. ತಾನು ಹೋಗಿ ಅತ್ತೆಯ ಮಂಚದ ಮೇಲೆ ಕೂತಳು, ಬೇಕೆಂದೇ. ಸುವಾರ್ತಮ್ಮ ನೆಲಕ್ಕೆ ಕೂತು ಕುಟ್ಟಿದಳು. ಎಷ್ಟು ಸಿಟ್ಟಿನಿಂದ ಕುಟ್ಟಿದಳೆಂದರೆ ಬೀಜ ಸಿಡಿದು ಗೋಡೆಗೆ ಬಡಿಯುತ್ತಿದ್ದವು. ಅಲಾರಂ ಹೊಡೆದದ್ದೇ ಎತ್ತಿದ ಏಟನ್ನೂ ಹಾಕದೆ ಕೊಡತಿ ಬದಿಗಿಟ್ಟು, ಗೋಡೆ ಹಿಡಿದು ಎದ್ದು, ಹೊರಟೇಹೋದಳು. ದೇವರ ಸೇವೆ ಎಂದರೆ ಇದು!

ಬೇಸಗೆಯೆಲ್ಲ ಹೀಗೇ ಹೋಯಿತು. ಆರು ದಿನ ಶಾಲೆಯ ಒಲೆ, ಏಳನೆಯ ದಿನ ಹಗೆಯವಳ ಹುಣಸೆ. ಹಗೆಗೂ ಕಸುವು ಬೇಕು, ಸುವಾರ್ತಮ್ಮನಲ್ಲಿ ಅದು ಉಳಿದಿರಲಿಲ್ಲ. ಎರಡು ತಿಂಗಳಾಗುವ ಹೊತ್ತಿಗೆ ಸಿಟ್ಟು ಮಾಡಲೂ ಆಯಾಸವಾಗತೊಡಗಿತು. ಕರುಣಮ್ಮನೂ ಮಂಚದ ಮೇಲೆ ಸುಮ್ಮನೆ ಕೂತು ನೋಡಿ ನೋಡಿ ಬೇಸತ್ತು ಕೆಳಗಿಳಿದು ಬೀಜ ಬಿಡಿಸಲು ಕೂತಳು. ಮಾತಿಲ್ಲ, ಒಬ್ಬಳು ಕುಟ್ಟುವುದು, ಒಬ್ಬಳು ಬಿಡಿಸುವುದು.

ಮಳೆ ಹಿಡಿದಾಗ ಮೊದಲ ಮಾತು ಬಂತು. "ನಿನ್ನ ಕಡಿ ಗ್ವಾಡಿ ಒದ್ದಿ ಆಗೈತೇನು?" ಎಂದಳು ಕರುಣಮ್ಮ. "ಆಗೈತಿ." "ನನ್ನ ಕಡಿನೂ." ಅಂದಿನ ಸಂಭಾಷಣೆ ಅಷ್ಟೇ. ಒಂದೇ ಗೋಡೆ, ಎರಡೂ ಕಡೆ ನೆನೆಯದೆ ಮತ್ತೇನಾದೀತು. ಮರುವಾರ ತಾಸು ಮುಗಿಯುವ ಮೊದಲು ಒಂದು ಲೋಟ ಚಹಾ ಬಂತು. ಸುವಾರ್ತಮ್ಮ ಅದನ್ನು ಅರ್ಧ ಕುಡಿದಿದ್ದಾಗ ಅಲಾರಂ ಹೊಡೆಯಿತು. ಚಹಾ ಬಿಟ್ಟು ಏಳಬೇಕೋ ಮುಗಿಸಿ ಏಳಬೇಕೋ ಎಂದು ಯೋಚಿಸಿ ಮುಗಿಸಿದಳು.

ಶೇಂಗಾ ಸುಲಿಯುವ ಕಾಲಕ್ಕೆ ಒಂದು ಭಾನುವಾರ ಅವಳಿಗೆ ಜ್ವರ. ಚರ್ಚಿಗೂ ಹೋಗದೆ ಚಾಪೆಯ ಮೇಲೆ ಬಿದ್ದಿದ್ದಳು. ಮಧ್ಯಾಹ್ನ ಗೋಡೆಯ ಆಚೆಯಿಂದ ಕೊಡತಿಯಲ್ಲಿ ಗೋಡೆಗೆ ಬಡಿದ ಸದ್ದು ಬಂತು. ಸುವಾರ್ತಮ್ಮ ಹಾಸಿಗೆಯಿಂದಲೇ ಲೋಟ ತೆಗೆದುಕೊಂಡು ತಿರುಗಿ ಬಡಿದಳು. ಸ್ವಲ್ಪ ಹೊತ್ತಿಗೆ ಕರುಣಮ್ಮ ಗಂಜಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಗೋಡೆ ಎದ್ದ ಮೇಲೆ ಅವಳು ಆ ಮನೆಗೆ ಬಂದದ್ದು ಅದೇ ಮೊದಲು. ಮೂಲೆಯಲ್ಲಿ ತೂಗುಹಾಕಿದ್ದ ಜಕ್ರಪ್ಪನ ಫೋಟೋ ನೋಡಿ ನೋಡದ ಹಾಗೆ ಮಾಡಿದಳು. "ನನ್ನ ತಾಸು ಬಾಕಿ ಉಳೀತು. ಮುಂದಿನ ವಾರ ಎರಡು ತಾಸು ಬರಬೇಕು" ಎಂದು ಬಿಗಿಯಾಗಿ ಹೇಳಿ ಹೋದಳು.

ಚಳಿಗೆ ಇಬ್ಬರೂ ಕೌದಿ ಹೊಲಿಯಲು ಕೂತರು. ಹಳೆಯ ಸೀರೆಗಳ ನಡುವೆ ಅತ್ತೆಯ ಹಸಿರು ಸೀರೆಯ ತುಂಡು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದು ಸುವಾರ್ತಮ್ಮ ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಕೇಳಿದಳು.

"ನಮ್ಮವರು ಹೋದಾಗ ಯಾಕ ಬರಲಿಲ್ಲಕ್ಕಾ ನೀನು?"

ಕರುಣಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿದಳು. "ಬರಾಕ ಮನಸ್ಸು ಬರಲಿಲ್ಲ. ನೀ ಅಳೋದು ಕೇಳ್ತಿತ್ತು. ಆದ್ರೂ ಬರಲಿಲ್ಲ. ಮಂಚಕ್ಕ ಓಣ್ಯಾಗ ಕೂಗಿದ್ದು ತಲ್ಯಾಗ ಇತ್ತು. ಅಷ್ಟ. ಬ್ಯಾರೆ ನೆವ ಹೇಳಂಗಿಲ್ಲ ನಾನು."

ಬೇರೆ ಏನಾದರೂ ಹೇಳಿದ್ದರೆ ಸುವಾರ್ತಮ್ಮ ನಂಬುತ್ತಿರಲಿಲ್ಲ. ಇದನ್ನು ನಂಬಿದಳು. ಅತ್ತಳು ಕೂಡ, ಕೌದಿಯ ಮೂಲೆಯಲ್ಲೇ ಮೂಗು ಒರೆಸಿಕೊಂಡಳು. "ನನ್ನ ತಾಸು ಯಾಕ ಕೊಂಡಿ ಮತ್ತ?"

"ನಿನ್ನ ಸೊಕ್ಕು ಮುರಿಯಾಕ. ಆಡು ಮಾರಿದ್ದ ರೊಕ್ಕ ಇತ್ತು. ನೀ ನೆಲಕ್ಕ ಕುಂತು ನನ್ನ ಕೆಲಸ ಮಾಡೋದು ನೋಡಬೇಕಿತ್ತು." ಕರುಣಮ್ಮ ಹೊಲಿಗೆ ಎಳೆದು ಬಿಗಿ ಮಾಡಿದಳು. "ಆಡು ಮಾರಿದ ರೊಕ್ಕ ಅಂದ್ರ ಸುಮ್ನ ಏನು? ರೊಕ್ಕ ಕೊಟ್ಟೀನಿ, ಬಂದ್ಲೋ ಇಲ್ಲೋ ಅಂತ ಐತಾರ ಆದ್ರ ದಾರಿ ನೋಡ್ತಿದ್ದೆ. ಬರ್ತಾ ಬರ್ತಾ ರೊಕ್ಕ ಮರತೋತು. ದಾರಿ ನೋಡೋದು ಉಳೀತು."

ಪ್ರೀತಿ ಇದ್ದ ಕಡೆ ಕೊಡುತ್ತೇವೆ ಎಂದು ನಾವೆಲ್ಲ ಹೇಳಿಕೊಳ್ಳುತ್ತೇವೆ. ಈ ಇಬ್ಬರ ಪಾಲಿಗೆ ಅದು ಸುಳ್ಳಾಯಿತು. ಒಬ್ಬಳು ಹಟಕ್ಕೆ ಹಣ ಕೊಟ್ಟಳು, ಇನ್ನೊಬ್ಬಳು ನಾಚಿಕೆಗೆ ಹೊತ್ತು ಕೊಟ್ಟಳು, ಪ್ರೀತಿ ಎಂಬುದು ಕರೆಯದೆ ಹಿಂದಿನಿಂದ ಬಂತು. ಬಂದದ್ದು ಸುವಾರ್ತಮ್ಮನಿಗೆ ಆಗ ಗೊತ್ತೂ ಆಗಲಿಲ್ಲ. ದಣಿದವರಿಗೆ ಅದೆಲ್ಲ ತಡವಾಗಿ ಗೊತ್ತಾಗುತ್ತದೆ.

ಈ ವರ್ಷದ ಹಬ್ಬ ಹತ್ತಿರ ಬರುವ ಹೊತ್ತಿಗೆ ಕರುಣಮ್ಮನ ಕಾಲಿನಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಹುಣ್ಣು, ಬೇಗ ಮಾಯುವುದಲ್ಲ. ಔಷಧಿಗೆ ಇದ್ದಬದ್ದದ್ದೆಲ್ಲ ಹೋಯಿತು. ಮನೆಯೊಳಗೇ ಗೋಡೆ ಹಿಡಿದುಕೊಂಡು ನಡೆಯುವ ಸ್ಥಿತಿ. ಹಬ್ಬದ ಹಿಂದಿನ ಭಾನುವಾರ ಅಲಾರಂ ಹೊಡೆದಾಗ ಅವಳು ಹೇಳಿದಳು: "ಇದು ಕಡೀ ತಾಸು. ಈ ವರ್ಷ ಸವಾಲು ಹಾಕಾಕ ನನ್ನ ಹತ್ರ ಏನೂ ಇಲ್ಲ. ನಿನಗ ಬಿಡುಗಡಿ."

"ಸುಮ್ನ ಬರ್ತೀನಿ ಬಿಡಕ್ಕ."

"ಬಂದ್ರ ಬಾಗಲ ಹಾಕ್ಕೊಂತೀನಿ. ಕೊಂಡಿದ್ದು ಬ್ಯಾರೆ, ಭಿಕ್ಷೆ ಬ್ಯಾರೆ. ನನ್ನ ಮನಿಗೆ ಪುಕ್ಕಟಿ ದುಡಿಯಾಕ ಯಾರೂ ಬರೋದು ಬ್ಯಾಡ." ಹಾಗೆಂದರೆ ಹಾಗೆಯೇ, ಕರುಣಮ್ಮ ಆಡಿದ ಮಾತನ್ನು ಎಂದೂ ನುಂಗಿದವಳಲ್ಲ. ಆಮೇಲೆ ದನಿ ಇಳಿಸಿ ಹೇಳಿದಳು: "ರೊಕ್ಕ ಕೂಡಿಸಿ ಇಟ್ಟೀಯಲ್ಲ, ಆ ಹಸಿರು ಮಂಚ ತಗೋ. ಐತಾರ ಮಧ್ಯಾಹ್ನ ಮಲಕ್ಕೋ. ಸಾಕಾಗೈತಿ ನಿನಗ."

ಸಾಕಾಗಿದ್ದದ್ದು ನಿಜ. ವರ್ಷವಿಡೀ ಕೂಡಿಸಿದ ಮೂರೂವರೆ ಸಾವಿರ ಡಬ್ಬಿಯಲ್ಲಿತ್ತು. ಹಬ್ಬದ ಮರುದಿನ, ಸೋಮವಾರ, ಶಾಲೆ ಬಿಟ್ಟ ಮೇಲೆ ಹೋಗಿ ಹಸಿರು ಮಂಚ ತರುವುದೆಂದು ಅವಳು ಗಟ್ಟಿ ಮಾಡಿದ್ದಳು. ಹಬ್ಬದ ದಿನ ಆ ದುಡ್ಡನ್ನು ಮನೆಯಲ್ಲಿ ಬಿಡಲು ಧೈರ್ಯ ಸಾಲದೆ ಸೆರಗಿನಲ್ಲಿ ಗಂಟು ಹಾಕಿಕೊಂಡು, ಸಂತೆಯಲ್ಲಿ ಕೊಂಡ ಕುಂಬಳಕಾಯಿ ಹೊತ್ತು ಚರ್ಚಿಗೆ ಹೋದಳು. ಚಾಪೆಯ ಆ ತುದಿಯ ಜಾಗ ಖಾಲಿ ಇತ್ತು. ಪ್ರಸಂಗದಲ್ಲಿ ಈ ಸಲ ತೂಕಡಿಕೆ ಬರಲಿಲ್ಲ.

ಹರಾಜಿನಲ್ಲಿ ಅವಳ ಕುಂಬಳಕಾಯಿ ನೂರೈವತ್ತಕ್ಕೆ ಹೋಯಿತು. ಇನ್ನು ಎದ್ದು ಹೋಗೋಣ ಎನ್ನುವಷ್ಟರಲ್ಲಿ ದೇವದಾನಪ್ಪ ಕೈ ಎತ್ತಿ ಕೂಗಿದ: "ಇನ್ನ ಸುವಾರ್ತಮ್ಮನ ತಾಸು! ಐತಾರಕ್ಕೊಂದು, ವರ್ಷಪೂರ್ತಿ! ಯಾರ್ರೀ, ಹೇಳ್ರಿ!" ಒಮ್ಮೆ ಇಟ್ಟವರು ಮತ್ತೆ ಇಡುತ್ತಾರೆ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಅವಳನ್ನು ಕೇಳಬೇಕು ಎಂದೂ ಅವನಿಗೆ ಹೊಳೆಯಲಿಲ್ಲ. ಜನ ಚಪ್ಪಾಳೆ ಹೊಡೆದರು. ಅವಳು ಕೈ ಅಡ್ಡ ಮಾಡುವ ಮೊದಲೇ ಅರುಣಕುಮಾರ್ ಸಾವಿರ ಎಂದಿದ್ದ.

ಬೇಡ ಎನ್ನಬಹುದಿತ್ತು. ಅಯ್ಯನವರು ಅವಳ ಮುಖ ನೋಡಿ ಏನೋ ಸರಿಯಿಲ್ಲ ಎಂದು ಎದ್ದೂ ನಿಂತಿದ್ದರು. ಆದರೆ ಆ ಹೊತ್ತಿಗೆ ಸುವಾರ್ತಮ್ಮನಿಗೆ ಒಂದು ಗೊತ್ತಾಯಿತು. ಬರುವ ಭಾನುವಾರದಿಂದ ಆ ತಾಸಿನಲ್ಲಿ ತಾನು ಎಲ್ಲಿರುತ್ತೇನೆ ಎಂದು ಯೋಚಿಸಿದಾಗ ಹಸಿರು ಮಂಚ ಕಣ್ಣಿಗೆ ಬರಲಿಲ್ಲ. ಮುಚ್ಚಿದ ಬಾಗಿಲು ಬಂತು, ಅದರ ಹಿಂದೆ ದಾರಿ ನೋಡುತ್ತ ಕೂತ ಕರುಣಮ್ಮ ಬಂದಳು. ಇನ್ಯಾರೋ ಒಬ್ಬರು ಒಂದೂವರೆ ಸಾವಿರ ಎಂದರು. ಅರುಣಕುಮಾರ್ ಎರಡು ಸಾವಿರ ಎಂದ.

"ಮೂರೂವರೆ ಸಾವಿರ" ಎಂದಳು ಸುವಾರ್ತಮ್ಮ.

ದೇವದಾನಪ್ಪ ಗುಂಪಿನಲ್ಲೆಲ್ಲ ಹುಡುಕಿದ. "ಯಾರವಾ ಅದು?"

"ನಾನಪಾ."

"ನಿನ್ನ ತಾಸಿಗೆ ನೀನ ಸವಾಲ ಹಾಕ್ತಿಯೇನಬೇ?" ಅಂಗಳವೆಲ್ಲ ನಕ್ಕಿತು.

"ಹೂಂ. ಹಾಕಬಾರದಂತ ಎಲ್ಲಾರ ಐತೇನು?"

ಎಲ್ಲೂ ಇರಲಿಲ್ಲ. ಅರುಣಕುಮಾರ್ ಅವಳನ್ನು ಸ್ವಲ್ಪ ಹೊತ್ತು ನೋಡಿ, ನಗುವುದನ್ನು ನಿಲ್ಲಿಸಿ, "ಬಿಡ್ರಿ, ಈ ವರ್ಷನೂ ನಮ್ಮನಿ ಪಾತ್ರಿ ನಾನ ತಿಕ್ಕತೀನಿ" ಎಂದ. ದೇವದಾನಪ್ಪ ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿದ. ಸುವಾರ್ತಮ್ಮ ಸೆರಗಿನ ಗಂಟು ಬಿಚ್ಚಿ ಇದ್ದಷ್ಟನ್ನೂ ತಟ್ಟೆಗೆ ಹಾಕಿದಳು. ಹಸಿರು ಮಂಚ ಹೋಯಿತು. ಸುಳ್ಳು ಹೇಳಬಾರದು, ತಟ್ಟೆ ಮುಂದೆ ಹೋಗುವವರೆಗೂ ಅವಳು ಆ ನೋಟುಗಳನ್ನೇ ನೋಡುತ್ತಿದ್ದಳು.

ಮುಂದಿನ ಭಾನುವಾರ ಊಟದ ಹೊತ್ತು ಮುಗಿದ ಮೇಲೆ ಅವಳು ಕರುಣಮ್ಮನ ಬಾಗಿಲು ಬಡಿದಳು.

"ಬರಬ್ಯಾಡ ಅಂದಿದ್ನೆಲ್ಲ!" ಒಳಗಿನಿಂದ ದನಿ ಬಂತು.

"ಪುಕ್ಕಟಿ ಬಂದಿಲ್ಲಕ್ಕ. ಸವಾಲಾಗೈತಿ. ಕೊಂಡವರು ಇಲ್ಲಿಗೆ ಹೋಗು ಅಂದಾರ."

ಚಿಲಕ ತೆಗೆಯಲು ಬಹಳ ಹೊತ್ತಾಯಿತು. ಕರುಣಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. "ಯಾರು ಕೊಂಡವರು?"

ಸುವಾರ್ತಮ್ಮ ಉತ್ತರ ಕೊಡದೆ ಒಳಗೆ ಬಂದಳು. ಮೂಲೆಯಲ್ಲಿ ಹೊಸ ಹಣ್ಣಿನ ಚೀಲಗಳಿದ್ದವು, ಅವಳ ಕೊಡತಿ ಅಲ್ಲೇ ಇತ್ತು. ಎರಡೂ ಕೈ ಮೊಣಕಾಲಿಗೆ ಕೊಟ್ಟು ನೆಲಕ್ಕೆ ಕೂರಲು ಬಗ್ಗಿದಳು.

"ಮಂಚದ ರೊಕ್ಕ ಹಾಕಿದಿ" ಎಂದಳು ಕರುಣಮ್ಮ. ಅದು ಪ್ರಶ್ನೆಯಾಗಿರಲಿಲ್ಲ.

"ಹೂಂ."

ಕರುಣಮ್ಮ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡು ಸುವಾರ್ತಮ್ಮ ಅರ್ಧ ಬಗ್ಗಿದವಳು ಹಾಗೇ ನಿಂತಿದ್ದಳು. "ಹಂಗಾರ ನೀನ ಕೊಂಡಾಕಿ, ನೀನ ಯಜಮಾನ್ತಿ. ಕೊಂಡವರು ಹೇಳಿದ ಕೆಲಸ ಆಗಬೇಕಲ್ಲ. ಏನು ಕೆಲಸ, ಹೇಳು" ಎಂದಳು ಕರುಣಮ್ಮ.

ಈ ತಾಸನ್ನು ಸುವಾರ್ತಮ್ಮ ಕೊಂಡದ್ದು ಇಲ್ಲಿಗೆ ಬರಲು, ಬಂದಾಯಿತು. ಇನ್ನು ಮಾಡುವುದು ಏನು ಎಂದು ಯೋಚಿಸಿರಲೇ ಇಲ್ಲ. ಬಾಯಿಗೆ ಬಂದದ್ದು ನಿಜವೇ ಬಂತು. "ಸಾಕಾಗೈತಕ್ಕ. ನಿಂದ್ರಾಕ ಆಗವಲ್ದು."

ಕರುಣಮ್ಮ ಕುಂಟುತ್ತ ಹೋಗಿ ಅತ್ತೆಯ ಮಂಚದ ಮೇಲಿದ್ದ ಬಟ್ಟೆಗಳನ್ನು ಒಂದು ಕಡೆ ತಳ್ಳಿ, ಚಳಿಗಾಲದಲ್ಲಿ ಇಬ್ಬರೂ ಹೊಲಿದ ಕೌದಿಯನ್ನು ಹಾಸಿದಳು. "ಬಾ, ಇಲ್ಲಿ ಮಲಕ್ಕೋ" ಎಂದಳು. ಆಮೇಲೆ ತಾನು ನೆಲಕ್ಕೆ ಕೂತು, ನೋಯುವ ಕಾಲನ್ನು ಮುಂದೆ ಚಾಚಿ, ಕೊಡತಿ ಕೈಗೆ ತೆಗೆದುಕೊಂಡಳು.

ಆ ಮಂಚದ ಮೇಲೆ ಸುವಾರ್ತಮ್ಮ ಎರಡು ವರ್ಷ ಅತ್ತೆಯನ್ನು ಮಗ್ಗುಲು ಬದಲಿಸಿದ್ದಳು, ಮಲಗಿದ್ದಿಲ್ಲ. ಬೆನ್ನು ಇಟ್ಟಳು. ಇಷ್ಟು ವರ್ಷ ಗೋಡೆಯ ಆಚೆಯಿಂದ ಕೇಳುತ್ತಿದ್ದ ಕುಟ್ಟುವ ಸದ್ದು ಈಗ ಪಕ್ಕದಲ್ಲೇ ಇತ್ತು. ನಾಲ್ಕು ಏಟು ಕೇಳುವಷ್ಟರಲ್ಲಿ ಕಣ್ಣು ಮುಚ್ಚಿದವು.

ಎಚ್ಚರವಾದಾಗ ಕಿಟಕಿಯಲ್ಲಿ ಸಂಜೆಯ ಬಿಸಿಲು ಕೆಂಪಗಾಗಿತ್ತು. ಕರುಣಮ್ಮ ಇನ್ನೂ ಕೂತಲ್ಲೇ ಕೂತು ನಾರು ಕೀಳುತ್ತಿದ್ದಳು, ಬಿಡಿಸಿದ ಹಣ್ಣಿನ ರಾಶಿ ಅವಳ ಮೊಣಕಾಲಿನವರೆಗೆ ಬಂದಿತ್ತು. ಸುವಾರ್ತಮ್ಮ ಗಾಬರಿಯಿಂದ ಮಂಚದ ಕಟ್ಟು ಹಿಡಿದು ಎದ್ದು ಕೂತಳು. ಎಷ್ಟು ಸಲೀಸಾಗಿ ಎದ್ದಳು ಎಂಬುದು ಆಮೇಲೆ ನೆನಪಾಯಿತು.

"ಅಲಾರಂ ಹೊಡೀಲಿಲ್ಲಲ್ಲಕ್ಕ! ತಾಸು ಯಾವಾಗ ಮುಗೀತು?"

"ಯಾರಿಗ್ಗೊತ್ತು" ಎಂದಳು ಕರುಣಮ್ಮ, ತಲೆ ಎತ್ತದೆ. "ಗಡಿಯಾರಕ್ಕ ಕೀಲಿ ಕೊಟ್ಟಿಲ್ಲ."